ದಾರದ ಇನ್ನೊಂದು ತುದಿ

ಮಾರನಹಳ್ಳಿ ಗುಡ್ಡದಲ್ಲಿ ನಾನು ವರ್ಷಗಳಿಂದ ಒಬ್ಬನೇ ಪುಟ್ಟ ರಾಕೆಟ್ ಹಾರಿಸುತ್ತೇನೆ. ಪ್ಯಾರಾಚೂಟ್ ಕಟ್ಟಿದ ಉದ್ದನೆಯ ದಾರವನ್ನು ಅಂಗೈ ಅಗಲಕ್ಕೆ ಅತ್ತಿತ್ತ ಮಡಿಸಿ ಒಳಗೆ ತುಂಬಬೇಕು. ಸಿಕ್ಕಾದರೆ ರಾಕೆಟ್ ಕಲ್ಲಿನಂತೆ ಬೀಳುತ್ತದೆ. ಮಡಿಸುವಾಗ ದಾರ ಬಿಗಿಯಾಗಿರಲೆಂದು ಇನ್ನೊಂದು ತುದಿಯನ್ನು ಬೇಲಿಗೂಟಕ್ಕೆ ಕಟ್ಟುತ್ತೇನೆ.

ಮೊನ್ನೆ, ಪ್ರವಾಸಿಗರಿಗಾಗಿ ಕಾಯುತ್ತಿದ್ದ ಜೀಪ್ ಡ್ರೈವರ್ ಒಬ್ಬ ಹತ್ತಿರ ಬಂದ.

"ಜೊತೆಗೆ ಯಾರೂ ಇಲ್ವಾ ಮಾರಾಯ್ರೆ? ಕೊಡಿ, ನಾನ್ ಹಿಡ್ಕೊತೀನಿ," ಎಂದು ಗೂಟದಿಂದ ತುದಿ ಬಿಚ್ಚಿಕೊಂಡ. ಹಿಡಿದುಕೊಂಡೇ ಮಗಳ ಶಾಲೆ, ಘಾಟಿ ರಸ್ತೆ, ತನ್ನ ಸೊಂಟನೋವು ಎಲ್ಲ ಹೇಳಿದ.

ದಾರ ಅಚ್ಚುಕಟ್ಟಾಗಿ ಮಡಿಸಿ ಮುಗಿಯಿತು.

"ಆಯ್ತಾ?" ಎಂದ.

"ಇಲ್ಲ, ಸರಿ ಬರ್ಲಿಲ್ಲ," ಎಂದು ಪೂರ್ತಿ ಬಿಚ್ಚಿದೆ.

ಮತ್ತೊಮ್ಮೆ ಬಿಚ್ಚಿದಾಗ ಅವನು ಕನಿಕರದಿಂದ, "ಈ ಕೆಲ್ಸ ನಿಮ್ ಕೈಗೆ ಇನ್ನೂ ಹತ್ತಿಲ್ಲ ಕಣ್ರೀ," ಎಂದ.

"ಹೌದು, ಈಗಷ್ಟೇ ಕಲೀತಿದ್ದೀನಿ," ಅಂದೆ.