ಯಾರೂ ಔಟ್ ಮಾಡದ ಪಾದ್ರಿ

ಬೆಳಗಿನ ಐದು ಗಂಟೆ. ನೆದರ್‌ಕೋಂಬ್ ಚರ್ಚಿನ ಹಿಂದಿನ ಮೈದಾನದಲ್ಲಿ ಪಾದ್ರಿ ಎಡ್ಮಂಡ್ ಥರ್ಲ್‌ವೆಲ್ ಕಪ್ಪು ಕೋಟು ಕಳಚಿಟ್ಟು ಕಲ್ಲಿನ ರೋಲರ್ ಎಳೆಯುತ್ತಿದ್ದಾರೆ. ವಯಸ್ಸು ನಲವತ್ತೇಳು. ಹಳೆಯ ಸಹಪಾಠಿಯೆಂದು ಇವರನ್ನು ನೋಡಲು ಬಂದಿರುವ ನನ್ನದೂ ಅಷ್ಟೇ. ನನಗೆ ಹೊಟ್ಟೆ ಬಂದಿದೆ, ಇವರಿಗೆ ಬಂದಿಲ್ಲ. ನನ್ನ ಸಂಕಟ ಅಲ್ಲಿಂದಲೇ ಶುರು.

ಮೊದಲೇ ಹೇಳಿಬಿಡುತ್ತೇನೆ, ಈ ಮನುಷ್ಯನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇಪ್ಪತ್ತೈದು ವರ್ಷದ ಕೆಳಗೆ ಕೇಂಬ್ರಿಜ್ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಅದು ಇವರಿಗೆ ಸಿಕ್ಕಿತು. ಆಕ್ಸ್‌ಫರ್ಡ್ ವಿರುದ್ಧ ಇವರು ಅರವತ್ತೊಂದು ರನ್ ಹೊಡೆದಾಗ ನಾನು ಹನ್ನೆರಡನೆಯವನಾಗಿ ಹೊರಗೆ ನಿಂತು ಚಪ್ಪಾಳೆ ತಟ್ಟಿದೆ.

ಇವರ ಹೆಸರು ಪತ್ರಿಕೆಯಲ್ಲಿ ಬಂದದ್ದು ಅದೊಂದೇ ಸಲ. ಆಮೇಲೆ ಈ ಊರಿನಲ್ಲಿ ಹದಿನೆಂಟು ವರ್ಷ. ನಾನೂರ ಹನ್ನೆರಡು ಜನ, ಎರಡು ಚರ್ಚು, ದಿನಕ್ಕೆ ಏಳು ಮೈಲಿ ನಡಿಗೆ. ಗಂಟಲುಬೇನೆ ಬಂದ ಚಳಿಗಾಲದಲ್ಲಿ ಹತ್ತೊಂಬತ್ತು ಮಕ್ಕಳು ತೀರಿಹೋದವು. ಹೆಣದ ಗುಂಡಿ ತೋಡುವವನೂ ಹಾಸಿಗೆ ಹಿಡಿದಾಗ ಪಾದ್ರಿಯೇ ಗುದ್ದಲಿ ಹಿಡಿದರು.

ಸಂಜೆ ಊರಿನವರು ಆಡಲು ಬರುತ್ತಾರೆ. ಕಮ್ಮಾರ ಜೆಥ್ರೊ ಪಿಮ್ ಉಳಿದವರಿಗೆ ಬೆಂಕಿಯ ಹಾಗೆ ಬೌಲ್ ಮಾಡುತ್ತಾನೆ. ಪಾದ್ರಿ ಬ್ಯಾಟ್ ಹಿಡಿದದ್ದೇ ತಡ, ಕೂಸಿಗೆ ಎಸೆದಂತೆ ಮೆಲ್ಲಗೆ ಹಾಕುತ್ತಾನೆ.

"ಯಾಕಪ್ಪಾ ಹೀಗೆ?" ಎಂದು ಅವನನ್ನು ಕೇಳಿದೆ.

"ನನ್ನ ಮಗೂನ ಮಣ್ಣು ಮಾಡ್ದೋರು ಸ್ವಾಮಿ ಅವರು. ಅವರ ಸ್ಟಂಪ್ ಹಾರಿಸ್ಲಾ? ಕೈ ಬರಲ್ಲ."

ಪಾದ್ರಿಗೆ ಇದೇ ದೊಡ್ಡ ಕೊರಗು. "ಹದಿನೆಂಟು ವರ್ಷದಿಂದ ಈ ಊರಲ್ಲಿ ಯಾರೂ ನನ್ನ ಔಟ್ ಮಾಡಿಲ್ಲ ಕಣಯ್ಯ. ಬೇಕಂತ ಕ್ಯಾಚ್ ಕೊಟ್ರೂ ಕೈಬಿಟ್ಟು, 'ತಪ್ಪಾಯ್ತು ಸ್ವಾಮಿ' ಅಂತಾರೆ. ಒಂದ್ಸಲ ಸರಿಯಾಗಿ ಔಟಾಗ್ಬೇಕು. ಅಷ್ಟೇ ನನ್ನಾಸೆ."

ನನಗಾಗಿ ಈ ಭೂಮಿಯ ಮೇಲೆ ಯಾರೂ ಒಂದು ಕ್ಯಾಚ್ ಬಿಟ್ಟಿಲ್ಲ. ಮೈಯೆಲ್ಲ ಉರಿಯಿತು.

"ನೀನು ಹಾಕು," ಎಂದರು ಪಾದ್ರಿ, ಚೆಂಡನ್ನು ನನ್ನ ಕೈಗಿಡುತ್ತ. "ನಿನಗೆ ನನ್ನ ಮೇಲೆ ಸಿಟ್ಟಿದೆ. ಆವತ್ತಿಂದ್ಲೂ ಇದೆ, ಗೊತ್ತು ನನಗೆ."

ನಾನು ಕೋಟು ಬಿಚ್ಚಿದೆ. ಮೊದಲ ಎರಡು ಚೆಂಡು ಎಲ್ಲೆಲ್ಲಿಗೋ ಹೋದವು. ಮೂರನೆಯದಕ್ಕೆ ಇಪ್ಪತ್ತೈದು ವರ್ಷದ ಕಿಚ್ಚನ್ನೆಲ್ಲ ತುಂಬಿ ಎಸೆದೆ. ನಡುವಿನ ಸ್ಟಂಪ್ ಕಿತ್ತುಕೊಂಡು ಹೋಗಿ ಹುಲ್ಲಿನಲ್ಲಿ ಬಿತ್ತು.

ಪಾದ್ರಿಯ ಮುಖ ಅರಳಿತು. "ಔಟ್! ಔಟಾದೆ ಕಣ್ರೋ!" ಎಂದು ಕೂಗಿದರು. ನಾನೂ ಜೀವನದಲ್ಲಿ ಮೊದಲ ಬಾರಿಗೆ ಎದೆಯುಬ್ಬಿಸಿ ನಿಂತೆ.

ಜೆಥ್ರೊ ನನ್ನನ್ನು ದುರುಗುಟ್ಟಿ ನೋಡುತ್ತ ಹೋಗಿ, ಬಿದ್ದ ಸ್ಟಂಪನ್ನು ಹೆಕ್ಕಿ, ಮತ್ತೆ ಅದೇ ಜಾಗದಲ್ಲಿ ನೆಟ್ಟ.

"ಗಾಳಿಗೆ ಬಿತ್ತು ಸ್ವಾಮಿ," ಎಂದ. "ನೀವು ಆಡಿ."

ಒಂದೆಲೆಯೂ ಅಲುಗುತ್ತಿರಲಿಲ್ಲ. ಊರಿಗೆ ಊರೇ ಹೌದೆಂದು ತಲೆಯಾಡಿಸಿತು.