ಶಿವನಂಜಮ್ಮನ ಕಾಲಿಗೆ ಒಲಿದ ಅಲ್ಯೂಮಿನಿಯಂ

ಅಡುಗೆಮನೆಯಿಂದ ಪಾತ್ರೆಗಳು ಒಂದೊಂದಾಗಿ ಕಾಣೆಯಾಗುತ್ತಿವೆ ಎಂಬುದು ಶಿವನಂಜಮ್ಮನಿಗೆ ಖಾತ್ರಿಯಾದದ್ದು ಒಂದು ಸೋಮವಾರ ಬೆಳಿಗ್ಗೆ. ಇಡ್ಲಿ ಹಿಟ್ಟು ಚೆನ್ನಾಗಿ ಉಬ್ಬಿತ್ತು, ಒಲೆ ಹತ್ತಿತ್ತು, ಇಡ್ಲಿ ಪಾತ್ರೆ ಮಾತ್ರ ಇರಲಿಲ್ಲ. ಅಟ್ಟದ ಮೇಲೆ, ಮಂಚದ ಕೆಳಗೆ, ಪಕ್ಕದ ಮನೆಯ ವೆಂಕಟಮ್ಮನ ಹತ್ತಿರ, ಎಲ್ಲ ಕಡೆ ಹುಡುಕಿ ಆಯಿತು. ಹೋದ ವಾರ ಹಾಲು ಕಾಯಿಸುವ ಪಾತ್ರೆ ಹೀಗೇ ಹೋಗಿತ್ತು. ಅದಕ್ಕೂ ಮುಂಚೆ ಅನ್ನದ ತಪ್ಪಲೆಯ ಮುಚ್ಚಳ. ಕಳ್ಳನಾದರೆ ಹಿತ್ತಾಳೆ ಬಿಂದಿಗೆಯನ್ನು ಬಿಟ್ಟು ಅಲ್ಯೂಮಿನಿಯಂ ಮಾತ್ರ ಯಾಕೆ ಒಯ್ಯುತ್ತಾನೆ ಎಂದು ಆಕೆ ಯೋಚಿಸುತ್ತ ನಿಂತಿದ್ದಾಗ ಮುಂದಿನ ಅಂಗಡಿಯಿಂದ ಚರ್ ಎಂಬ ಸದ್ದು ಬಂತು. ಅದರ ಬೆನ್ನಿಗೇ ಗಂಡನ ಬೈಗುಳವೂ ಬಂತು. ಕಳ್ಳ ಸಿಕ್ಕಿದ ಎಂದುಕೊಂಡು ಶಿವನಂಜಮ್ಮ ಒಲೆ ಆರಿಸಿ ಹೊರಟಳು.

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ಅವರದು ಒಂದೇ ಸೂರಿನ ಕೆಳಗೆ ಎರಡು ಅಂಗಡಿ, ಹಿಂದುಗಡೆ ಮನೆ. ಎಡಕ್ಕೆ ಸಿದ್ದಯ್ಯನ ವೆಲ್ಡಿಂಗ್ ಶಾಪು, ಬಲಕ್ಕೆ ಶಿವನಂಜಮ್ಮನ ಟೈಲರಿಂಗ್. ನಡುವೆ ಬಾಗಿಲಿಲ್ಲದ ಒಂದು ಬಾಗಿಲುವಾಡ. ಹದಿನಾರು ಗ್ರಾಮದಿಂದ ಮದುವೆಯಾಗಿ ಬರುವಾಗ ಆಕೆ ತವರಿನಲ್ಲಿ ಕೇಳಿ ತಂದದ್ದು ಒಂದೇ ಒಂದು, ಹೊಲಿಗೆ ಮಿಷನ್ನು. ಇಪ್ಪತ್ತಾರು ವರ್ಷದಲ್ಲಿ ಆ ರಸ್ತೆಯ ಇಕ್ಕೆಲದ ಹೆಂಗಸರ ರವಿಕೆಯ ಅಳತೆಯೆಲ್ಲ ಆಕೆಗೆ ಬಾಯಿಪಾಠವಾಗಿತ್ತು. ಸಿದ್ದಯ್ಯನಿಗೆ ಅದೇ ರೀತಿ ಊರಿನ ಗೇಟು, ಗ್ರಿಲ್ಲು, ಜೋಕಾಲಿಗಳ ಅಳತೆ. ಇಬ್ಬರೂ ತಮ್ಮ ತಮ್ಮ ಕಸುಬಿನಲ್ಲಿ ಗಟ್ಟಿ. ಒಬ್ಬರ ಕಸುಬು ಇನ್ನೊಬ್ಬರಿಗೆ ಬರಿಯ ಸದ್ದು ಅಷ್ಟೆ.

ಹೀಗಿರುವಾಗ ಸಿದ್ದಯ್ಯ ಮೈಸೂರಿಗೆ ರಾಡು ತರಲು ಹೋದವನು ಅಲ್ಲಿ ಯಾರೋ ಟಿಗ್ ಎಂಬ ಹೊಸ ಬಗೆಯ ವೆಲ್ಡಿಂಗ್ ಮಿಷನ್ನಿನಲ್ಲಿ ಅಲ್ಯೂಮಿನಿಯಂ ಬೆಸೆಯುವುದನ್ನು ನೋಡಿಬಿಟ್ಟ. ಕಿಡಿ ಹಾರಲಿಲ್ಲ, ಹೊಗೆ ಏಳಲಿಲ್ಲ, ಬೆಸುಗೆ ಮಾತ್ರ ಪೋಣಿಸಿದ ಮಣಿಸರದ ಹಾಗೆ ಸಾಲಾಗಿ ಬಿತ್ತು. ಊಟದ ಹೊತ್ತಿಗೆ ಬರುತ್ತೇನೆಂದು ಹೋದವನು ಸಂಜೆ ಮಿಷನ್ನು, ಸಿಲಿಂಡರು, ಕಾಲಿನ ಪೆಡಲು ಎಲ್ಲವನ್ನೂ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದಿಳಿದ. ಜೊತೆಗೆ ಬಂದ ಪುಸ್ತಕವನ್ನು ಪ್ಲಾಸ್ಟಿಕ್ಕಿನಿಂದ ತೆಗೆಯಲೂ ಇಲ್ಲ. ಮೂವತ್ತು ವರ್ಷ ವೆಲ್ಡಿಂಗ್ ಮಾಡಿದವನಿಗೆ ಪುಸ್ತಕ ಏನು ಹೇಳಿಕೊಟ್ಟೀತು?

ಈಗ ಶಿವನಂಜಮ್ಮ ಬಾಗಿಲುವಾಡದಲ್ಲಿ ನಿಂತು ನೋಡಿದರೆ, ಮೇಜಿನ ಮೇಲೆ ಇಡ್ಲಿ ಪಾತ್ರೆ ಬೋರಲು ಬಿದ್ದಿತ್ತು. ತಳದಲ್ಲಿ ನಾಲ್ಕು ತೂತು.

"ಇಡ್ಲಿ ಪಾತ್ರೆ ಎಲ್ಲಿ?" ಎಂದಳು, ಕಣ್ಣೆದುರಿಗೇ ಇದ್ದರೂ.

"ಇಲ್ಲೇ ಅದೆ ಕಣಮ್ಮಿ. ಎಲ್ಗೂ ಓಗಿಲ್ಲ."

"ಪ್ರಾಕ್ಟೀಸ್ ಮಾಡಕ್ಕೆ ನಿಮ್ಮ ಕಬ್ಬಿಣ ಇರ್ನಿಲ್ವಾ?"

"ಕಬ್ಬಿಣದ ಮೇಲೆ ಮಾಡುದ್ರೆ ಅದು ಕಬ್ಬಿಣದ ಪ್ರಾಕ್ಟೀಸಾಯ್ತದೆ." ಸಿದ್ದಯ್ಯ ಹೆಲ್ಮೆಟ್ಟು ತೆಗೆದು ಬೆವರು ಒರೆಸಿಕೊಂಡ. "ಕಬ್ಬಿಣ ಮರ್ವಾದೆಸ್ತ ಕಣಮ್ಮಿ. ಕಾದ್ರೆ ಕೆಂಪಗಾಯ್ತದೆ. ಕರಗಾಕ್ ಮುಂಚೆ ಒಂದ್ ಮಾತು ತಿಳುಸ್ತದೆ. ಈ ನನ್ಮಗಂದು ಏನೂ ತಿಳ್ಸಕ್ಕಿಲ್ಲ. ಬೆಳ್ಳಗೇ ಕೂತಿರ್ತದೆ, ಕಣ್ ಮಿಟ್ಕುಸೋದ್ರಲ್ಲಿ ತೂತು."

ಅಂದು ಮನೆಯಲ್ಲಿ ಹಿಟ್ಟು ದೋಸೆಯಾಯಿತು. ತೂತಿನ ಮಾತು ಅಲ್ಲಿಗೇ ನಿಲ್ಲುತ್ತಿತ್ತೋ ಏನೋ, ಆದರೆ ಅಂಗಡಿಯ ಮೂಲೆಯಲ್ಲಿ ಒಂದು ದೊಡ್ಡ ದಬರಿ ಕೂತಿತ್ತು. ಮುಡುಕುತೊರೆ ಕಡೆಯ ಅಡುಗೆ ಕಂಟ್ರಾಕ್ಟರ್ ರಾಜೇಂದ್ರನದು. ಮುನ್ನೂರು ಜನರ ಅನ್ನ ಒಂದೇ ಸಲ ಬೇಯುವಂಥದ್ದು, ತಳದಲ್ಲಿ ಗೇಣುದ್ದ ಬಿರುಕು ಬಿಟ್ಟಿತ್ತು. ಮಿಷನ್ನು ಬಂದ ಮಾರನೆಯ ದಿನವೇ ಸಿದ್ದಯ್ಯ ಅದನ್ನು ಒಪ್ಪಿಕೊಂಡುಬಿಟ್ಟಿದ್ದ. ಬರುವ ಭಾನುವಾರ ಬೀಗರೂಟ. ಶನಿವಾರ ಬೆಳಿಗ್ಗೆ ದಬರಿ ಕೊಡುತ್ತೇನೆಂದು ಮಾತು ಕೊಟ್ಟಾಗಿತ್ತು.

ಸೋಮವಾರ ಸಂಜೆ ಚಿನ್ಮಯ ಬಂದ. ಸೋಸಲೆಯವನು, ನಂಜನಗೂಡಿನ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ವೆಲ್ಡಿಂಗ್ ಮೇಷ್ಟ್ರು. ಬಂದದ್ದು ತನ್ನ ಅತ್ತೆ ಸುಂದರಮ್ಮನವರ ರವಿಕೆ ಒಯ್ಯಲು. ಗುಂಡಿ ಹಾಕುವುದು ಬಾಕಿ ಇದೆ, ಐದು ನಿಮಿಷ ಕೂರಿ ಎಂದು ಶಿವನಂಜಮ್ಮ ಸ್ಟೂಲು ಕೊಟ್ಟಳು. ಐದು ನಿಮಿಷದಲ್ಲಿ ಪಕ್ಕದಿಂದ ಮೂರು ಸಲ ಚರ್, ಮೂರು ಸಲ ಬೈಗುಳ ಕೇಳಿಸಿತು. ಚಿನ್ಮಯ ಎದ್ದು ಹೋಗಿ ಇಣುಕಿದ.

"ಸಿದ್ದಯ್ಯನವರೇ, ಈ ಗಾಳಿ ಎಲ್ಲಿಂದ ಬರ್ತಾ ಇದೆ?" ಎಂಬುದು ಅವನ ಮೊದಲ ಮಾತು.

ಗಾಳಿ ಬರುತ್ತಿದ್ದದ್ದು ಶಿವನಂಜಮ್ಮನ ಟೇಬಲ್ ಫ್ಯಾನಿನಿಂದ. ಮಾರ್ಚ್ ತಿಂಗಳ ಬಿಸಿಲು. ಗಂಡ ಬೆಂಕಿಯ ಮುಂದೆ ಬೇಯುತ್ತಾನಲ್ಲ ಎಂದು ಆಕೆ ಫ್ಯಾನನ್ನು ಬಾಗಿಲುವಾಡದತ್ತ ತಿರುಗಿಸಿ ಇಟ್ಟಿದ್ದಳು. ಕೈಯಲ್ಲಿ ಹಿಡಿದು ಬೆಸೆಯುವ ಟಾರ್ಚಿನ ಮೂತಿಯಿಂದ ಬರುವ ಆರ್ಗಾನ್ ಗ್ಯಾಸು ಕರಗಿದ ಲೋಹಕ್ಕೆ ಹೊದಿಕೆ ಇದ್ದ ಹಾಗೆ, ಅದು ಹಾರಿಹೋದರೆ ಗಾಳಿ ತಗುಲಿ ಬೆಸುಗೆ ಕೆಟ್ಟುಹೋಗುತ್ತೆ ಎಂದು ಚಿನ್ಮಯ ವಿವರಿಸಿದ. ಸಿದ್ದಯ್ಯ ಹೆಂಡತಿಯ ಕಡೆ ತಿರುಗಿ, ಹದಿನೈದು ದಿನದ ಕಷ್ಟಕ್ಕೆಲ್ಲ ಕಾರಣ ಗೊತ್ತಾಯಿತಲ್ಲ ಎನ್ನುವ ಹಾಗೆ ನೋಡಿದ. ಪ್ರೀತಿಯಿಂದ ಇಟ್ಟ ಫ್ಯಾನು ಅಪರಾಧವಾದದ್ದಕ್ಕೆ ಶಿವನಂಜಮ್ಮ ಮುಖ ಸಣ್ಣ ಮಾಡಿಕೊಂಡು ಅದನ್ನು ಆರಿಸಿದಳು.

ಆದರೆ ಚಿನ್ಮಯ ಇನ್ನೂ ಮುಗಿಸಿರಲಿಲ್ಲ. ಮಿಷನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಇದು ಡಿಸಿಯಲ್ಲಿದೆ ಕಣ್ರೀ. ಅಲ್ಯೂಮಿನಿಯಂಗೆ ಏಸಿ ಬೇಕು."

ಸಿದ್ದಯ್ಯನಿಗೆ ಸಿಟ್ಟು ಬಂತು. "ಫ್ಯಾನೇ ಬ್ಯಾಡ ಅಂತೀರಿ. ಏಸಿ ಎಲ್ಲಿಂದ ತರ್ಲಿ ಸಾ? ಶೀಟಿನ ಮನೆ ಇದು."

ಚಿನ್ಮಯ ನಗು ತಡೆದುಕೊಂಡು, ಅದು ತಣ್ಣಗೆ ಮಾಡುವ ಏಸಿ ಅಲ್ಲ, ಕರೆಂಟಿನ ಏಸಿ ಎಂದು ಹೇಳಿ ಗುಂಡಿ ತಿರುಗಿಸಿದ. ಅಲ್ಯೂಮಿನಿಯಂ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಇರುತ್ತೆ, ಒಳಗಿನ ಲೋಹ ಕರಗಿ ನೀರಾದರೂ ಆ ಪೊರೆ ಕರಗುವುದಿಲ್ಲ, ಏಸಿ ಕರೆಂಟೇ ಅದನ್ನು ಒಡೆಯಬೇಕು ಎಂದ.

"ಆಲಿನ ಕೆನೆ ಇದ್ದಂಗೆ," ಎಂದಳು ಶಿವನಂಜಮ್ಮ ಬಾಗಿಲುವಾಡದಿಂದ.

"ಅದೇ ಕಣ್ರೀ. ಕೆನೆ ತೆಗೀದೆ ಹಾಲು ಸಿಗೋಲ್ಲ."

ಆಮೇಲೆ ಗ್ಯಾಸಿನ ಮೀಟರು ನೋಡಿದ. ಜಾಸ್ತಿ ಬಿಟ್ಟರೆ ಜಾಸ್ತಿ ಒಳ್ಳೆಯದೆಂದು ಸಿದ್ದಯ್ಯ ಅದನ್ನು ತುದಿಯವರೆಗೆ ತಿರುಗಿಸಿದ್ದ. ಅಷ್ಟು ಜೋರಾಗಿ ಬಿಟ್ಟರೆ ಗ್ಯಾಸು ಸುಳಿಯೆದ್ದು ಹೊರಗಿನ ಗಾಳಿಯನ್ನೂ ಒಳಗೆ ಎಳೆಯುತ್ತದೆ ಎಂದು ಚಿನ್ಮಯ ಹತ್ತಕ್ಕೆ ಇಳಿಸಿದ. ಆಮೇಲೆ ಬ್ರಷ್ಷು. ಗೇಟಿನ ತುಕ್ಕು ತಿಕ್ಕಿದ ಬ್ರಷ್ಷಿನಲ್ಲೇ ಇಡ್ಲಿ ಪಾತ್ರೆಯನ್ನೂ ತಿಕ್ಕಲಾಗಿತ್ತು. ಇದಕ್ಕೇ ಅಂತ ಬೇರೆ ಸ್ಟೇನ್‌ಲೆಸ್ ಸ್ಟೀಲಿನ ಬ್ರಷ್ಷು ಇಡಬೇಕು, ಕಬ್ಬಿಣಕ್ಕೆ ಮುಟ್ಟಿಸಬಾರದು ಎಂದ. ಒಂದೊಂದು ತಪ್ಪು ಸಿಕ್ಕ ಹಾಗೂ ಶಿವನಂಜಮ್ಮನ ಮುಖ ಅರಳುತ್ತ ಬಂತು. ಬ್ರಷ್ಷಿನ ಹೊತ್ತಿಗೆ ಆಕೆ ಪೂರ್ತಿ ನಿರಪರಾಧಿಯಾಗಿದ್ದಳು.

ಎಲ್ಲ ಸರಿಯಾದ ಮೇಲೂ ಸಿದ್ದಯ್ಯ ಮಾಡಿದರೆ ತೂತೇ. ತೊಂದರೆ ಇದ್ದದ್ದು ಕಾಲಿನಲ್ಲಿ. ಪೆಡಲು ಒತ್ತಿದಷ್ಟು ಕರೆಂಟು ಏರುತ್ತದೆ, ಸಡಿಲಿಸಿದಷ್ಟು ಇಳಿಯುತ್ತದೆ. ಸಿದ್ದಯ್ಯನ ಬಲಗಾಲಿಗೆ ಮೋಟಾರ್ ಬೈಕಿನ ಬ್ರೇಕು ಬಿಟ್ಟರೆ ಬೇರೆ ಏನೂ ಗೊತ್ತಿರಲಿಲ್ಲ. ಒತ್ತಿದರೆ ಪೂರ್ತಿ, ಬಿಟ್ಟರೆ ಪೂರ್ತಿ. ಬಲಗೈಲಿ ಟಾರ್ಚು, ಎಡಗೈಲಿ ಬೆಸುಗೆಗೆ ಕರಗಿಸಿ ತುಂಬುವ ಅಲ್ಯೂಮಿನಿಯಂ ಕಡ್ಡಿ, ಇವೆರಡರ ಮೇಲೆ ಮನಸ್ಸಿಟ್ಟರೆ ಕಾಲು ತನ್ನ ಪಾಡಿಗೆ ತಾನು ಹೋಗುತ್ತಿತ್ತು.

"ನಿಧಾನ," ಎಂದ ಚಿನ್ಮಯ. "ಹೊಲಿಗೆ ಮಿಷನ್ ತುಳಿದ ಹಾಗೆ."

ಮೋಟಾರ್ ಹಾಕಿಸಿದ ಮಿಷನ್ನಿನ ಪೆಡಲನ್ನು ಹತ್ತು ವರ್ಷದಿಂದ ತುಳಿಯುತ್ತಿದ್ದ ಶಿವನಂಜಮ್ಮ ಕಿಸಕ್ಕೆಂದು ನಕ್ಕಳು.

"ನಗಾಡ್ತೀಯಲ್ಲ, ಬಾ, ನೀನೇ ತುಳಿ ಮತ್ತೆ," ಎಂದ ಸಿದ್ದಯ್ಯ.

ಅವನು ಹೇಳಿದ್ದು ಕೊಂಕಿಗೆ. ಆಕೆ ಬಂದೇಬಿಟ್ಟಳು. ಹೀಗೆ ಆ ಅಂಗಡಿಯಲ್ಲಿ ಇಬ್ಬರು ಸೇರಿ ಒಂದು ಬೆಸುಗೆ ಹಾಕುವ ಪ್ರಯತ್ನ ನಡೆಯಿತು. ಸಿದ್ದಯ್ಯನ ಕೈಯಲ್ಲಿ ಟಾರ್ಚು, ಪಕ್ಕದಲ್ಲಿ ಕಣ್ಣಿಗೆ ಬೆಳಕು ಹೊಡೆಯದಂತೆ ಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತ ಶಿವನಂಜಮ್ಮನ ಕಾಲಡಿಯಲ್ಲಿ ಪೆಡಲು.

"ಒತ್ತು. ಇನ್ನೂ ಒಸಿ. ಇನ್ನೂ ಒಸಿ. ಸಾಕು, ಸಾಕು ಅಂದ್ರೆ ಕೇಳಕ್ಕಿಲ್ವಾ?"

"ಸಾಕು ಅನ್ನಕ್ ಮುಂಚೆ ತೂತ್ ಬಿತ್ತಾ, ಅಂದಮೇಲೆ ಬಿತ್ತಾ?"

"ಅನ್ನೋವಾಗ."

"ಅಂಗಾರೆ ಅದು ನನ್ ತಪ್ಪಲ್ಲ. ನಿಮ್ ನಾಲ್ಗೆದು."

ಆರು ಸಲ ಹೀಗಾದ ಮೇಲೆ ಚಿನ್ಮಯ ರವಿಕೆ ಕಂಕುಳಲ್ಲಿಟ್ಟುಕೊಂಡು, ಕಣ್ಣು, ಕೈ, ಕಾಲು ಮೂರೂ ಒಬ್ಬರದೇ ಇದ್ದರೆ ಒಳ್ಳೆಯದು ಎಂದಷ್ಟೇ ಹೇಳಿ ಹೊರಟುಹೋದ.

ಮಾರನೆಯ ದಿನ ಸಿದ್ದಯ್ಯ ಯಾರದೋ ಗೇಟು ಕೂರಿಸಲು ಹೋದಾಗ ಶಿವನಂಜಮ್ಮ ಸೀರೆಯ ಮೇಲೆ ಅವನ ದಪ್ಪ ಖಾಕಿ ಅಂಗಿ ತೊಟ್ಟು, ಕೈಗೆ ಚರ್ಮದ ಗ್ಲೌಸು ಹಾಕಿ, ಹೆಲ್ಮೆಟ್ಟು ಏರಿಸಿಕೊಂಡು ಕೂತಳು. ಬೆಳಿಗ್ಗೆಯೇ ತರಿಸಿದ್ದ ಹೊಸ ಬ್ರಷ್ಷಿನಲ್ಲಿ ಇಡ್ಲಿ ಪಾತ್ರೆಯ ತಳವನ್ನು ಫಳಗುಟ್ಟುವ ಹಾಗೆ ತಿಕ್ಕಿದಳು. ಪೆಡಲಿನ ಮೇಲೆ ಕಾಲಿಟ್ಟು, ತೆಳು ವಾಯಿಲ್ ಬಟ್ಟೆಗೆ ಮೊದಲ ಹೊಲಿಗೆ ಹಾಕುವಾಗಿನ ಹಾಗೆ ಕಾಲ್ಬೆರಳ ತುದಿಯಲ್ಲಿ ಒತ್ತಿದಳು. ಕಪ್ಪು ಗಾಜಿನಾಚೆ ಒಂದು ಬೆಳಕು ಹುಟ್ಟಿತು. ಅದರ ಕೆಳಗೆ ಲೋಹ ಮಂಕಾಗಿಯೇ ಇತ್ತು. ಇನ್ನೊಂದು ಚೂರು ಒತ್ತಿದಾಗ ಆ ಮಂಕು ಪೊರೆ ಸರಿದು, ಒಳಗೆ ಒಂದು ಪುಟ್ಟ ಬಿಂದು ಪಾದರಸದ ಹಾಗೆ ಹೊಳೆಯಿತು. ಅವಳು ಉಸಿರು ಬಿಗಿಹಿಡಿದು ಕಡ್ಡಿಯ ತುದಿಯನ್ನು ಅದಕ್ಕೆ ಮುಟ್ಟಿಸಿ ತೆಗೆದಳು. ಬಿಂದು ಉಬ್ಬಿತು. ಕಾಲು ಸಡಿಲಿಸಿದಳು. ಹೆಲ್ಮೆಟ್ಟು ಎತ್ತಿ ನೋಡಿದರೆ ಒಂದು ತೂತು ಮುಚ್ಚಿತ್ತು.

ಎರಡನೆಯದಕ್ಕೆ ಟಾರ್ಚಿನ ಟಂಗ್‌ಸ್ಟನ್ ಮೊನೆಯನ್ನೇ ಕರಗಿದ ಲೋಹದಲ್ಲಿ ಅದ್ದಿಬಿಟ್ಟಳು. ಅದು ಕರ್ರಗೆ ಗಂಟು ಕಟ್ಟಿಕೊಂಡಿತು. ಮೂರನೆಯದು ಮೊದಲಿಗಿಂತ ದೊಡ್ಡ ತೂತಾಯಿತು. ಸಂಜೆ ಸಿದ್ದಯ್ಯ ಬಂದು ನೋಡಿದ. ಗಂಟು ಕಟ್ಟಿದ ಮೊನೆಯನ್ನು ಗ್ರೈಂಡರಿಗೆ ಹಿಡಿದು ಹೊಸದು ಮಾಡಿಕೊಟ್ಟು, "ಮೂತಿ ಮುಟ್ಟುಸ್ಬ್ಯಾಡ, ಒಂದ್ ಬತ್ತದ ಕಾಳಷ್ಟು ಮೇಲ್ಗಡೆ ಇಡ್ಕೊ," ಎಂದ. ಮೂವತ್ತು ವರ್ಷದ ಕೈ ಅವನದು. ಅಷ್ಟು ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬುಧವಾರ, ಗುರುವಾರ ರವಿಕೆಗಳು ಹೊಲಿಯದೆ ಬಿದ್ದವು. ಹಾಲಿನ ಪಾತ್ರೆ, ತಪ್ಪಲೆಯ ಮುಚ್ಚಳ ಎಲ್ಲವೂ ಅವಳ ಕೈಯಲ್ಲಿ ಇನ್ನೊಮ್ಮೆ ಸತ್ತು ಹುಟ್ಟಿದವು. ಶುಕ್ರವಾರ ಸಿದ್ದಯ್ಯ ದಬರಿಯನ್ನು ಬೋರಲು ಮಾಡಿ, ಬಿರುಕನ್ನು ಗ್ರೈಂಡರಿನಿಂದ ಕೆರೆದು ಅಗಲಿಸಿ, ತಿಕ್ಕಿ ಒರೆಸಿ ಕೊಟ್ಟ. ಫ್ಯಾನು ಆರಿತ್ತು, ಬಾಗಿಲುವಾಡಕ್ಕೆ ಹಳೆಯ ಬೆಡ್‌ಶೀಟು ಕಟ್ಟಿತ್ತು. ಶಿವನಂಜಮ್ಮ ಗೇಣುದ್ದದ ಬೆಸುಗೆ ಮುಗಿಸಿ ಏಳುವಾಗ ಖಾಕಿ ಅಂಗಿ ಹಿಂಡಿದರೆ ನೀರು ಬರುವಂತಿತ್ತು. ದಬರಿಯನ್ನು ಎರಡು ಕಲ್ಲಿನ ಮೇಲೆ ಕೂರಿಸಿ ನೀರು ತುಂಬಿದರು. ಇಬ್ಬರೂ ನೆಲಕ್ಕೆ ಕೆನ್ನೆ ತಾಗಿಸಿ ಕೆಳಗೆ ನೋಡುತ್ತ ಮಲಗಿದರು. ಬಹಳ ಹೊತ್ತಿನ ಮೇಲೆ ಒಂದು ಹನಿ ಇಳಿಯಿತು. ಮತ್ತೆ ಚೆಲ್ಲಿ, ಒಣಗಿಸಿ, ಅಲ್ಲೊಂದು ಬಿಂದು ಹಾಕಿದಳು. ಮತ್ತೆ ತುಂಬಿದರು. ನೆಲ ಒಣಗಿಯೇ ಉಳಿಯಿತು.

ಶನಿವಾರ ರಾಜೇಂದ್ರ ಬಂದು ದಬರಿಯ ತಳ ಸವರಿ ನೋಡಿದ. "ಸಿದ್ದಣ್ಣ, ಏನ್ ಕೈಯಣ್ಣ ನಿಂದು. ಎಂಗುಸ್ರು ರಂಗೋಲಿ ಬುಟ್ಟಂಗದೆ," ಎಂದ.

ಶಿವನಂಜಮ್ಮ ಮಿಷನ್ನಿಗೆ ದಾರ ಪೋಣಿಸುತ್ತಿದ್ದಳು. ದಾರ ಸೂಜಿಯ ಕಣ್ಣಿನ ಹತ್ತಿರ ನಿಂತಿತು. ಪಕ್ಕದಲ್ಲಿ ಸಿದ್ದಯ್ಯ ಕೆಮ್ಮಿದ, ಸಿಲಿಂಡರಿನ ಮುಚ್ಚಳ ತಿರುಗಿಸಿದ, ಮತ್ತೆ ಕೆಮ್ಮಿದ. ಅವನು ನಿಜ ಹೇಳದೇ ಇದ್ದರೂ ತಾನೇನೂ ಕೇಳುವುದಿಲ್ಲ ಎಂದು ಆಕೆ ಮನಸ್ಸಿನಲ್ಲೇ ಅಂದುಕೊಂಡಳು. ಆದರೆ ನಾಳೆ ಸಾರಿಗೆ ಉಪ್ಪು ಹಾಕಬೇಕೋ ಬೇಡವೋ ಎಂಬುದನ್ನು ಮಾತ್ರ ಯೋಚಿಸತೊಡಗಿದಳು.

"ಕೈ ನಂದಲ್ಲ ಕಣಪ್ಪ," ಎಂದ ಸಿದ್ದಯ್ಯ ಕೊನೆಗೆ. "ನಮ್ಮನೇವಳ್ದು. ನಂಗೆ ಅದು ಬಗ್ಗನಿಲ್ಲ."

ರಾಜೇಂದ್ರ ಬೆಡ್‌ಶೀಟು ಸರಿಸಿ ಶಿವನಂಜಮ್ಮನನ್ನು ನೋಡಿದ. ಗೋಡೆಯಲ್ಲಿ ನೇತಾಡುತ್ತಿದ್ದ ರವಿಕೆಗಳನ್ನು ನೋಡಿದ. ಮತ್ತೆ ದಬರಿಯನ್ನು ನೋಡಿದ. "ಅಕ್ಕಾ, ತಪ್ ತಿಳ್ಕೋಬ್ಯಾಡಿ," ಎಂದ, "ಒಂದ್ಸಲ ನನ್ ಮುಂದೇನೇ ನೀರು ತುಂಬಿ ತೋರುಸ್ಬುಡಿ."

"ಕೊಳಾಯಿ ಅಲ್ಲೇ ಅದೆ. ನೀನೇ ತುಂಬ್ಸಪ್ಪ," ಎಂದು ಆಕೆ ದಾರ ಪೋಣಿಸಿದಳು.

ರಾಜೇಂದ್ರ ಬಿಂದಿಗೆ ಬಿಂದಿಗೆಯಾಗಿ ತುಂಬಿಸಿ, ಪಂಚೆ ಎತ್ತಿ ಕಟ್ಟಿ, ನೆಲಕ್ಕೆ ಕೆನ್ನೆ ತಾಗಿಸಿ ಕಾಲು ಗಂಟೆ ಮಲಗಿದ. ರಸ್ತೆಯಲ್ಲಿ ಹೋಗುವವರು ನಿಂತು, ಯಾರು ಬಿದ್ದರು ಎಂದು ವಿಚಾರಿಸಿದರು. ಎದ್ದು ನೀರು ಚೆಲ್ಲಿ ದಬರಿ ಒಯ್ದ. ಮುಂದಿನ ವಾರ ಹಿಡಿ ಕಿತ್ತುಹೋದ ಇನ್ನೂ ಎರಡು ದಬರಿ ತಂದು ನೇರವಾಗಿ ಟೈಲರಿಂಗ್ ಬಾಗಿಲಲ್ಲಿ ಇಳಿಸಿದ.

ಅಲ್ಲಿಂದೀಚೆಗೆ ಬೆಳಿಗ್ಗೆ ರವಿಕೆ, ಮಧ್ಯಾಹ್ನದ ಮೇಲೆ ಅಲ್ಯೂಮಿನಿಯಂ. ಹಾಲಿನ ಕ್ಯಾನಿನ ಕಿವಿ, ಏಣಿಯ ಮೆಟ್ಟಿಲು, ಬೈಕಿನ ಸೀಳಿದ ಇಂಜಿನ್ ಕವರು, ಒಂದೊಂದೇ ಬರುತ್ತವೆ. ಕೆಲವರು ಯಜಮಾನರಿಲ್ವಾ ಎಂದು ಕೇಳುತ್ತಾರೆ. ಸಿದ್ದಯ್ಯ ಆಗಲೇ ಗೇಟಿನ ಅಳತೆಗೆ ಹೋಗಿರುತ್ತಾನೆ. ಇದ್ದರೂ, "ಕಬ್ಬಿಣ ಆದ್ರೆ ಇತ್ತಾಗ್ ತನ್ನಿ, ಬೆಳ್ಳಗಿರೋದಾದ್ರೆ ಅತ್ತಾಗ್ ಓಗಿ," ಎನ್ನುತ್ತಾನೆ.

ಸಿದ್ದಯ್ಯ ಸೋಲೊಪ್ಪಿದ್ದಾನೆ ಎಂದಲ್ಲ. ಕಾಲು ಪಳಗಲಿ ಎಂದು ಶಿವನಂಜಮ್ಮ ಅವನಿಗೆ ಒಂದು ಉಪಾಯ ಹೇಳಿಕೊಟ್ಟಿದ್ದಾಳೆ. ಸಂಜೆ ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದಾಗ ಅವನು ಹೊಲಿಗೆ ಮಿಷನ್ನಿನ ಮುಂದೆ ಕೂತು ದಿಂಬಿನ ಕವರು ಹೊಲಿಯುತ್ತಾನೆ. ಪೆಡಲು ಒತ್ತಿದರೆ ಮಿಷನ್ನು ಹುಚ್ಚೆದ್ದು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಹೊಲಿಗೆ ಕಪಿಲಾ ಹೊಳೆಯ ಹಾಗೆ ಅಂಕುಡೊಂಕಾಗಿ ಹರಿಯುತ್ತದೆ. ಶಿವನಂಜಮ್ಮ ಕನ್ನಡಕ ಏರಿಸಿ ನೋಡಿ, "ಬಿಚ್ಚಿ, ಮೊದ್ಲಿಂದ," ಎನ್ನುತ್ತಾಳೆ. ಅವನು ಬಿಚ್ಚುತ್ತಾನೆ.