ಸೋಸಿ ಒಯ್ದ ಬಾವಿನೀರು

ಮಕ್ಕಳೇ, ನಾನು ದುಬಲಗುಂಡಿಯಿಂದ ಬಸವಕಲ್ಯಾಣಕ್ಕೆ ಹೋದದ್ದು ನಮ್ಮ ಬಾವಿಯ ಒಂದು ಬಾಟಲಿ ನೀರಿಗಾಗಿ. ನೆಲದೊಳಗಿನ ಕಲ್ಲಿನಲ್ಲಿ ಯುರೇನಿಯಂ ಇದ್ದರೆ ಅದರಿಂದ ರೇಡಾನ್ ಎಂಬ ಕೆಟ್ಟ ಗಾಳಿ ಹುಟ್ಟಿ ನೀರಿಗೆ ಸೇರುತ್ತದಂತೆ, ಬಣ್ಣವಿಲ್ಲ, ವಾಸನೆಯಿಲ್ಲ. ಕಲ್ಯಾಣಕ್ಕೆ ನೀರು ಪರೀಕ್ಷೆಯವರು ಬಂದಿದ್ದರು. ರಜೆಗೆ ಬರುವ ನಿಮಗೆ ನಿಮ್ಮ ಅಜ್ಜ ತೋಡಿಸಿದ ಬಾವಿಯ ನೀರು ಕೊಡಬಹುದೋ ಇಲ್ಲವೋ, ನನಗೆ ತಿಳಿಯಬೇಕಿತ್ತು.

ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಹೆಂಗಸರ ಸೊನ್ನೆ ಟಿಕೆಟ್ ಪಡೆದೆ. ಹುಮನಾಬಾದಿನಲ್ಲಿ ಚುರುಮುರಿಯ ಸುಸಲಾ ತಿಂದು ಕಲ್ಯಾಣದ ಬಸ್ಸು ಹತ್ತಿದೆ.

"ಆಯಿ, ತುಪ್ಪ ಒಯ್ಯಾಕತ್ತೀರೇನ್ರಿ? ಕೂಸಿನಂಗ ಹಿಡಕೊಂಡೀರಿ!" ಎಂದಳು ಪಕ್ಕದಾಕೆ.

"ನೀರವ್ವಾ."

"ಯಾಕ್ರಿ, ಕಲ್ಯಾಣದಾಗ ನೀರು ಬತ್ಯಾವೇನು?"

ಬಿಸಿಲಿಗೆ ಜೋಂಪು ಹತ್ತಿತು. ಬಾವಿಯ ಮೆಟ್ಟಿಲು ಇಳಿಯುತ್ತಲೇ ಇದ್ದೆ. ತಳದಲ್ಲಿ ನಿಮ್ಮ ಅಜ್ಜ ಕುಳಿತು, ಬಿಸಿ ಚಹಾ ಆರಿಸುವಂತೆ ನೀರಿನ ಮೇಲೆ ಉಫ್ ಎಂದು ಊದುತ್ತಿದ್ದರು. ಬಸ್ಸು ಕುಲುಕಿ ಎಚ್ಚರವಾಯಿತು.

ಪರೀಕ್ಷೆಯ ಹುಡುಗಿ ಬಾಟಲಿ ಎತ್ತಿ ನೋಡಿ, "ಹ್ಯಾಂಗ ತುಂಬಿದ್ರಿ, ಆಯಿ?" ಎಂದಳು.

ನಾನೆಂದೆ: "ಎತ್ತರದಿಂದ ಹುಯ್ದು, ಅರಿವಿಯಾಗ ಸೋಸೀನವ್ವಾ. ಮಂದಿ ಕೈಗೆ ಸೋಸದ ನೀರು ಹ್ಯಾಂಗ ಕೊಡ್ಲಿ?"

"ಅಯ್ಯ! ಸೋಸೂವಾಗ ಆ ಕೆಟ್ಟ ಗಾಳಿ ಹಾರಿ ಹೋಗ್ತದ್ರಿ."

"ಹೋದ್ರ ಚಲೋನೇ ಆತಲ್ಲ?"

ಆಕೆ ನಕ್ಕಳು. "ಮೊದಲ ಎಷ್ಟಿತ್ತು ಅಂತ ಗೊತ್ತಾಗಬೇಕಲ್ರಿ. ಬಕೀಟಿನ ನೀರಾಗ ಬಾಟ್ಲಿ ಮುಳುಗಿಸಿ, ನೀರೊಳಗನ ಮುಚ್ಚಳ ಹಾಕ್ರಿ. ಒಂದು ಗುಳ್ಳಿನೂ ಇರಬಾರದು. ನಾಳೆ ಮಧ್ಯಾಹ್ನ ನಾವು ಹೊಂಡ್ತೀವಿ, ಅದರೊಳಗ ತರ್ರಿ."

ಮರುದಿನ ನಸುಕಿನಲ್ಲಿ ಹಾಗೆಯೇ ತುಂಬಿದೆ. ನೀರಿನೊಳಗೆ ಪಾಚಿಯ ಒಂದು ಎಳೆ ತೇಲುತ್ತಿತ್ತು. ಕೈ ತಾನಾಗಿ ಅರಿವಿಯ ಕಡೆ ಹೋಯಿತು, ಹಿಂದಕ್ಕೆ ಎಳೆದುಕೊಂಡೆ. ಮತ್ತೆ ಅದೇ ಎರಡು ಬಸ್ಸು. ದಾರಿಯುದ್ದಕ್ಕೂ ಆ ಹಸಿರು ಎಳೆ ನನ್ನ ಮಡಿಲಲ್ಲಿ ತೂಗುತ್ತಿತ್ತು. ಆ ಬಾಟಲಿಯನ್ನು ತಲೆ ತಗ್ಗಿಸಿ ಕೊಟ್ಟೆ.

"ಈಗ ಖರೇ ನೀರು ತಂದೀರಿ ನೋಡ್ರಿ," ಎಂದಳು. "ಫೋನ್ ಮಾಡಿ ಹೇಳ್ತೀವಿ. ಅಲ್ಲೀತನಕ ಆ ಬಾವಿ ನೀರು ಕುಡೀಬ್ಯಾಡ್ರಿ."

ಮನೆಗೆ ಬಂದಾಗ ಸೋಸುವ ಅರಿವಿ ಬಾವಿಕಟ್ಟೆಯ ಮೇಲೆ ಒಣಗಿ ಕಡ್ಡಿಯಾಗಿತ್ತು. ಒಳಗೆ ಇಣುಕಿದೆ. ನೀರು ಎಂದಿನಂತೆ ತಣ್ಣಗೆ, ನನ್ನನ್ನೇ ನೋಡುತ್ತಿತ್ತು. ಇನ್ನೂ ಫೋನ್ ಬಂದಿಲ್ಲ. ನಿಮ್ಮ ಮೂವರ ನೀರಿನ ಚರಿಗೆಗಳನ್ನು ತಿಕ್ಕಿ, ಬೋರಲು ಹಾಕಿ ಇಟ್ಟಿದ್ದೇನೆ.